ಸೂತಕದ ಮನೆಯ ಹೂದಾನಿಗಳು

ಬೆಳಿಗ್ಗೆ ಕಲ್ಯಾಣದುರ್ಗದಿಂದ ಫೋನ್ ಬಂದಾಗ ಬೈದುಬಿಟ್ಟೆ...
"ಬೆಳಬೆಳಿಗ್ಗೇನೇ ಇಂಥಾ ತಮಾಷೆ ಮಾಡ್ತಾರೇನ್ಲಾ?" ಅಂತ.

ತಮಾಷೆಯಾಗಿರಲಿಲ್ಲ.
ನಮ್ಮ ಕಂಡಕ್ಟರ್ ನಾಗಭೂಷಣ ಇನ್ನಿಲ್ಲ.
ನಿನ್ನೆ ಮಧ್ಯಾಹ್ನ ಹಿಂದೂಪುರ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಜೊತೆ ಟೀ ಕುಡಿದವನು... "ನಾಳೆ ಬತ್ತೀನಿ ಕಣ್ಲಾ" ಅಂದವನು...
ಎದೆ ಹಿಡಿದುಕೊಂಡು ಕೂತನಂತೆ. ಅಷ್ಟೇ.

ಫ್ರೆಂಡ್ಸ್, ಕೈಮುಗಿಯುವ ಎಮೋಜಿ ಹಾಕುವ ಮೊದಲು ಪೂರ್ತಿ ಓದಿ.
ಇದು ಬರೀ ದುಃಖದ ಪೋಸ್ಟ್ ಅಲ್ಲ. ನನಗೆ ಹೇಸಿಗೆಯಾಗಿದೆ...
ಹಿಂದೂಪುರಕ್ಕೆ ವಾಪಸ್ ಬಂದು ಎರಡು ಸಲ ಸ್ನಾನ ಮಾಡಿದೆ. ಹೋಗಲಿಲ್ಲ.

ಹನ್ನೊಂದು ವರ್ಷ ಹಿಂದೂಪುರ–ಕಲ್ಯಾಣದುರ್ಗ ಬಸ್ಸಿನಲ್ಲಿ ನಾನು ಡ್ರೈವರ್, ಅವನು ಕಂಡಕ್ಟರ್.
ಅವನಿಗೊಂದು ಹುಚ್ಚು... ಹಳೇ ಕಾಲದ ಚೀನಾ ಪಿಂಗಾಣಿ ಹೂದಾನಿಗಳು. ಅದೂ ಪುಟಾಣಿಗಳೇ. ಗೇಣಿಗಿಂತ ದೊಡ್ಡದನ್ನು ಮುಟ್ಟುತ್ತಿರಲಿಲ್ಲ, ಟಿಕೆಟ್ ಬ್ಯಾಗಿನಲ್ಲಿ ಹಿಡಿಯಬೇಕಲ್ಲ!
ಯಾರದೋ ತಾತ ರಂಗೂನಿನಿಂದ ತಂದದ್ದು, ಇನ್ಯಾರದೋ ಮುತ್ತಜ್ಜ ಬೆಂಗಳೂರಿನ ದೊರೆ ಬಂಗಲೆಯಲ್ಲಿ ಅಡಿಗೆಯವನಾಗಿದ್ದಾಗ ಸಿಕ್ಕಿದ್ದು... ಪ್ಯಾಸೆಂಜರ್‌ಗಳನ್ನು ಮಾತಿಗೆಳೆದೇ ಪತ್ತೆ ಹಚ್ಚುತ್ತಿದ್ದ.

ಪೆನುಕೊಂಡದ ಒಂದು ಮನೆಯಲ್ಲಿ ನೀಲಿ ಹೂವಿನ ಹೂದಾನಿಯೊಳಕ್ಕೆ ಮುದುಕಿಯೊಬ್ಬಳು ಎಲೆಅಡಿಕೆ ಉಗಿಯುತ್ತಿದ್ದಳು.
ಥೂ!
ಹೊಸ ಸ್ಟೀಲ್ ಚೊಂಬು ಕೊಟ್ಟು ಅದನ್ನು ಬಿಡಿಸಿಕೊಂಡು ಬಂದ. ಅವನ ಹೆಂಡತಿ ಜಯಮ್ಮ ಮೂಗು ಮುಚ್ಚಿಕೊಂಡು, ಅವನನ್ನು ಬೈಯುತ್ತಲೇ, ಮೂರು ದಿನ ತೊಳೆದಳು. ಆಮೇಲೆ ಅವಳಿಗೆ ಅದೇ ಅಚ್ಚುಮೆಚ್ಚು.

ಯಾರಾದರೂ "ಗಾಜಿನ ಬಾಟ್ಲಿ" ಅಂದರೆ ಮಾತ್ರ ಭೂಷಣನಿಗೆ ಸಿಟ್ಟು ಬರುತ್ತಿತ್ತು.
ಬುಡ ತಿರುಗಿಸಿ, ಹೊಳಪಿಲ್ಲದ ಅಂಚಿನ ಮೇಲೆ ನನ್ನ ಉಗುರು ಆಡಿಸುತ್ತಿದ್ದ.
"ನೋಡ್ಲಾ, ಮಣ್ಣು ಕಣ್ಲಾ ಇದು! ಬಿಳೀ ಮಣ್ಣು. ಬೆಂಕೀಲಿ ಬೆಂದು ಬೆಂದು ಇಷ್ಟು ನುಣ್ಣಗಾಗೈತೆ."

ಇವತ್ತು ಕಲ್ಯಾಣದುರ್ಗದಲ್ಲಿ ಅವನನ್ನು ಮಣ್ಣಿಗಿಟ್ಟು ಬಂದೆವು. ಮನೆ ತೊಳೆಯುವ ಹೊತ್ತು.
ಸೆಟ್ಟೂರಿನಿಂದ ಬಂದಿದ್ದ ಅವನ ದೊಡ್ಡಪ್ಪ ಜಗಲಿ ಮೇಲೆ ಕೂತು ಪದ್ಧತಿ ಹೇಳುತ್ತಿದ್ದರು. ಹಿತ್ತಾಳೆ, ಸ್ಟೀಲು ಹುಣಸೇಹಣ್ಣು ಹಾಕಿ ಬೆಳಗಬೇಕು. ಗಾಜು ತೊಳೆದರೆ ಸಾಕು. ಮಣ್ಣಿನ ಪಾತ್ರೆ ಮಾತ್ರ ಸಾವಿನ ಮನೆಯಲ್ಲಿ ಉಳಿಯಬಾರದು, ಊರಾಚೆ ಹಾಕಬೇಕು.
ಗೋಡೆ ಗೂಡಿನಲ್ಲಿದ್ದ ಹೂದಾನಿಗಳ ಮೇಲೆ ಅವರ ಕಣ್ಣು ಬಿತ್ತು.
"ಇವು ಗಾಜಾ, ಮಣ್ಣಾ? ಡ್ರೈವರಪ್ಪಾ, ನೀನ್ ಅವನ ಜೊತೆಗಾರ, ನೀನೇ ಯೋಳು."

ನಾನು... ಮೇಷ್ಟ್ರ ಮುಂದೆ ಪಾಠ ಒಪ್ಪಿಸುವವನ ಹಾಗೆ ಅಂದುಬಿಟ್ಟೆ.
"ಮಣ್ಣೇ ದೊಡ್ಡಪ್ಪಾ. ಅಪ್ಪಟ ಮಣ್ಣು."
"ಮಟ್ಟಿದೇ ಕದಾ! ತೀಸೇಯಂಡಿ" ಅಂದರು ತೆಲುಗಿನಲ್ಲಿ. ಮಣ್ಣಿಂದೇ ತಾನೇ, ತೆಗೆದುಬಿಡಿ ಅಂತ.

ಪಕ್ಕದ ಕುರ್ಚಿಯಲ್ಲಿ ನಮ್ಮ ಸಾರ್ ಕೂತಿದ್ದರು. ಹಿಂದೂಪುರದ ದೊಡ್ಡ ಮನುಷ್ಯರು, ಆಂಟಿಕ್ ಕಲೆಕ್ಟರು, ಭೂಷಣನ "ಆತ್ಮೀಯ ಗೆಳೆಯ". ಪಿಂಗಾಣಿಯ ಬೆಲೆ ಸರಿಯಾಗಿ ಗೊತ್ತಿದ್ದವರು ಅಲ್ಲಿ ಅವರೊಬ್ಬರೇ.
ಹೌದೆನ್ನುವ ಹಾಗೆ ಗಂಭೀರವಾಗಿ ತಲೆ ಆಡಿಸಿದರು.

ಜಯಮ್ಮ ಆ ನೀಲಿ ಹೂದಾನಿಯನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡಳು.
"ಇದೊಂದು ಬುಟ್ಬುಡಿ ಮಾವಾ... ಅವರು ದಿನಾ ಮುಟ್ಟಿ ನೋಡ್ತಿದ್ರು..."
"ಒಂದು ಬುಟ್ರೂ ಸೂತಕ ಉಳಿದಂಗೇ ಕಣಮ್ಮ" ಅಂತ ದೊಡ್ಡಪ್ಪ ಬಿಡಿಸಿಕೊಂಡರು. ಅಳುತ್ತಲೇ ಬಿಡಿಸಿಕೊಂಡರು. ಆ ಮುದುಕರ ಮೇಲೆ ನನಗೆ ಸಿಟ್ಟಿಲ್ಲ.

ಬುಟ್ಟಿ ಹೊತ್ತವನು ನಾನೇ.
ಕೆರೆ ಏರಿ ಕೆಳಗಿನ ಗುಂಡಿಯಲ್ಲಿ ಒಂದೊಂದನ್ನೇ ಇಟ್ಟೆ... ಎಸೆಯಲು ಕೈ ಬರಲಿಲ್ಲ.

ಭೂಷಣಾ...
ಕೇಳಿಸ್ತಾ ಇದೆಯೇನೋ?
ನಿನ್ನ ಪಾಠ ಅಷ್ಟು ಚೆನ್ನಾಗಿ ಕಲಿತಿದ್ದೆ ಕಣೋ... "ಗಾಜು" ಅನ್ನುವ ಒಂದು ಮಾತು ಬಾಯಿಗೆ ಬರಲಿಲ್ಲ. ಲೇಟ್ ಯಾಕೆ ಅಂತ ಡಿಪೋದಲ್ಲಿ ಕೇಳಿದರೆ ದಿನಕ್ಕೊಂದು ಸುಳ್ಳು ಹೇಳುವ ಬಾಯಿ ಇದು!
ನನ್ನ ನಾಲಿಗೆಗೆ ಬರೆ ಹಾಕಬೇಕು.

ಅರ್ಧ ಗಂಟೆಯೂ ತಡೆಯಲಾಗಲಿಲ್ಲ. ಜಯಮ್ಮನಿಗೆ ಆ ನೀಲಿಯದನ್ನಾದರೂ ಕದ್ದು ತಂದುಕೊಡೋಣ ಅಂತ ಮತ್ತೆ ಹೋದೆ.
ಗುಂಡಿಯ ಹತ್ತಿರ ಕಾರು. ಡಿಕ್ಕಿ ತೆರೆದಿತ್ತು.
ಸಾರ್ ಪಂಚೆ ಎತ್ತಿ ಕಟ್ಟಿಕೊಂಡು, ಕೊನೆಯ ಹೂದಾನಿಯನ್ನು ಪೇಪರಿನಲ್ಲಿ ಸುತ್ತುತ್ತಿದ್ದರು.

"ಸಾರ್... ಸೂತಕದ್ದು..."
"ಅದೆಲ್ಲಾ ಮೂಢನಂಬಿಕೆ ಕಣಯ್ಯ."
"ಈ ಮಾತು ಮನೇಲಿ ಯಾಕ್ ಆಡ್ಲಿಲ್ಲ ಸಾರ್?"
"ಮನೆಯವರ ಪದ್ಧತಿಗೆ ನಾವು ಅಡ್ಡ ಬರಬಾರದು. ಬಿಸಾಕಿದ್ದಕ್ಕೆ ವಾರಸುದಾರರು ಇರಲ್ಲ."
"ನೀಲೀದೊಂದು ಕೊಡಿ ಸಾರ್, ಆಯಮ್ಮಂಗೆ ಕೊಟ್ಬತ್ತೀನಿ."
"ಸೆಟ್ ಕೆಡುತ್ತೆ" ಅಂದರು. ಡಿಕ್ಕಿ ಮುಚ್ಚಿದರು.


ಉರಿಯುವ ಮನೆಯಲ್ಲಿ ಗಳ ಹಿರಿಯುವುದು ಅಂತಾರಲ್ಲ, ಇದೇ.
ಸಂಜೆಗೆ ಅವರ ಪೋಸ್ಟೂ ಬಂತು. "ಅಪರೂಪದ ಕಲಾರಾಧಕನನ್ನು ಕಳೆದುಕೊಂಡೆವು"... ಕಣ್ಣೀರಿನ ಎಮೋಜಿ ಬೇರೆ. ನಿಮ್ಮಲ್ಲೇ ಎಷ್ಟೋ ಜನ ಅದಕ್ಕೆ ಹಾರ್ಟ್ ಒತ್ತಿದ್ದೀರಿ. ಛೀ.

ಕಾರು ಹೋದ ಮೇಲೆ ಬರಿಗೈಲಿ ಭೂಷಣನ ಮನೆಗೆ ಬಂದೆ. ಜಯಮ್ಮ ಒದ್ದೆ ಸೀರೆಯಲ್ಲೇ ಕೂತಿದ್ದಳು.
"ಅಣ್ಣಾ, ಎಲ್ಲಾ ಒಡೆದೋದ್ವಾ?"
"ಹೂನಮ್ಮಾ... ಎಲ್ಲಾ ಒಡೆದೋದ್ವು."

ನೋಡಿ... ಈಗ ಸುಳ್ಳು ಎಷ್ಟು ಸಲೀಸಾಗಿ ಬಂತು!

"ಓಗ್ಲಿ ಬುಡಣ್ಣ... ಅವರ ಜೊತೇಗೇ ಓದ್ವು. ನೀನ್ ಅಳಬ್ಯಾಡ" ಅಂದಳು.
ಸಮಾಧಾನ ಹೇಳಿದಳು. ನನಗೆ!

ಒಡೆದಿಲ್ಲ ಜಯಮ್ಮಾ. ಒಂದೂ ಒಡೆದಿಲ್ಲ.

ಅವಳ ಹತ್ತಿರ ಈ ಫೇಸ್‌ಬುಕ್ಕು ಗೀಸ್‌ಬುಕ್ಕು ಇಲ್ಲ. ಮೂರನೇ ದಿನದ ಹಾಲುತುಪ್ಪಕ್ಕೆ ಯಾರು ಹೋಗುತ್ತೀರೋ, ಇದನ್ನು ಅವಳ ಮುಂದೆ ಗಟ್ಟಿಯಾಗಿ ಓದಿ. ನನಗೆ ಆ ಮುಖ ಇಲ್ಲ.
ಸಾರ್, ನಿಮ್ಮನ್ನೂ ಟ್ಯಾಗ್ ಮಾಡಿದ್ದೇನೆ.

ಹೋಗಿ ಬಾ ಭೂಷಣಾ...
ನಿನ್ನ ಜೀವಕ್ಕೆ ನೆಮ್ಮದಿ ಸಿಗಲಿ.
ಆ ಹೂದಾನಿಗಳು ಜಯಮ್ಮನ ಕೈ ಸೇರುವ ತನಕ ಸಾರ್‌ಗೂ ನನಗೂ ಅದು ಸಿಗದಿರಲಿ.