ಎಡಗಡೆಯ ಎತ್ತು

ನಾನು ಚಿಕ್ಕವನಿದ್ದಾಗ ನನ್ನ ಆಸ್ತಿ ಎಂದರೆ ಗಂಟಲು. ಅಕ್ಕನ ಮೂಗಿನ ಮಾತು, ಪಕ್ಕದ ಮನೆಯ ಕಾಕಾನ ಕೆಮ್ಮು, ಅಪ್ಪ ಎತ್ತು ಕರೆಯುವ ದನಿ, ಎಲ್ಲವನ್ನೂ ಇದ್ದಂತೆಯೇ ತೆಗೆಯುತ್ತಿದ್ದೆ. ಬುದ್ಧಿ ಮಾತ್ರ ಯಾರದನ್ನೂ ತೆಗೆಯಲು ಬರಲಿಲ್ಲ.

ಆಗ ನಮ್ಮ ಮನೆ ಕೇಶ್ವಾಪುರದ ಅಂಚಿನಲ್ಲಿತ್ತು. ಅಪ್ಪ ಚಕ್ಕಡಿ ಹೊಡೆಯುತ್ತಿದ್ದ. ಆ ವರ್ಷ ಕಾರಹುಣ್ಣಿಮೆಗೆ ಕೋಡಿಗೆ ಬಣ್ಣ ಹಚ್ಚಿಸಿಕೊಂಡಿದ್ದ ಎಡಗಡೆಯ ಎತ್ತು, ಮಣ್ಣೆತ್ತಿನ ಅಮಾವಾಸ್ಯೆ ಬರುವಷ್ಟರಲ್ಲಿ ಸತ್ತುಹೋಗಿತ್ತು.

ಹಬ್ಬದ ದಿನ ಅಕ್ಕ ಕೆರೆಯಿಂದ ಎರೆಮಣ್ಣು ತಂದು ನಾದುತ್ತಿದ್ದಳು. ಒಳಗೆ ಹೋಳಿಗೆಯ ಘಮ, ಹೊರಗೆ ಹಸಿಮಣ್ಣಿನ ವಾಸನೆ. ಪೂಜೆಗೆ ಜೋಡೆತ್ತು ಮಾಡುವುದು ಪದ್ಧತಿ. ನಾನು ಜಾಣತನ ತೋರಿಸಿದೆ.

"ಮನ್ಯಾಗ ಒಂದ ಐತಿ, ಒಂದ ಮಾಡು. ಮಣ್ಣರ ಉಳೀತೈತಿ."

ಅಕ್ಕ ಒಂದನ್ನೇ ಮಾಡಿ, ಗುಲಗಂಜಿಯ ಕಣ್ಣಿಟ್ಟು, ಮಣೆಯ ಮೇಲೆ ನಿಲ್ಲಿಸಿದಳು. ಕಾಲು ತೊಳೆದು ಒಳಬಂದ ಅಪ್ಪ ಅದನ್ನು ನೋಡಿ ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡ. ಅವನನ್ನು ನಗಿಸೋಣವೆಂದು ನಾನು ಬಾಗಿಲಿಗೆ ಹೋಗಿ ಅವನದೇ ದನಿ ತೆಗೆದೆ.

"ಹ್ಹಾ... ಬಾರಲೇ ಮಗನ, ಹೆಗಲ ಕೊಡು!"

ಅಂಗಳದಲ್ಲಿ ಮಲಗಿದ್ದ ಎತ್ತು ಎದ್ದಿತು. ಚಕ್ಕಡಿಯ ನೊಗದ ಬಳಿಗೆ ನಡೆದು, ಬಲಗಡೆಗೆ ನಿಂತು ಕುತ್ತಿಗೆ ಬಗ್ಗಿಸಿತು. ಎಡಗಡೆಯ ಜಾಗ ಖಾಲಿ ಬಿಟ್ಟಿತ್ತು. ಆಮೇಲೆ ಆ ಕಡೆಗೆ ಮುಖ ತಿರುಗಿಸಿ ಕಾಯತೊಡಗಿತು.

ಅಪ್ಪ ಕೆಳಗೆ ಕುಳಿತು, ಉಳಿದ ಮಣ್ಣಿನಿಂದ ಇನ್ನೊಂದು ಎತ್ತು ಮಾಡಿದ. ಸತ್ತದ್ದರ ಹಾಗೆಯೇ ಒಂದು ಕೋಡು ಕೆಳಗೆ ಬಾಗಿತ್ತು. ನನ್ನ ಬಾಯಿ ಸುಮ್ಮನಿರಲಿಲ್ಲ.

"ಸತ್ತ ಎತ್ತಿಗೆ ಯಾಕ ಪೂಜಿ, ಅಪ್ಪಾ?"

"ಸತ್ತದ್ದು ನಮಗ," ಎಂದ ಅಪ್ಪ, ನೊಗದ ಬಳಿ ನಿಂತಿದ್ದ ಎತ್ತಿನ ಕಡೆ ಕೈ ತೋರಿಸಿ. "ಅದಕ್ಕಿನ್ನೂ ಗೊತ್ತಿಲ್ಲ."

ಅಪ್ಪನ ಆ ದನಿಯನ್ನು ನಾನು ಮತ್ತೆ ತೆಗೆಯಲಿಲ್ಲ.

ಈಗ ಗೋಕುಲ ರಸ್ತೆಯ ನಮ್ಮ ಮನೆಗೆ ಮಣ್ಣಿನ ಜೋಡೆತ್ತುಗಳು ಬಣ್ಣ ಹಚ್ಚಿಕೊಂಡೇ ಅಂಗಡಿಯಿಂದ ಬರುತ್ತವೆ. ಈ ಸಲ ಚೀಲದಲ್ಲಿ ಒಂದು ಪುಡಿಯಾಯಿತು. "ಒಂದ ಇಟ್ರ ನಡೀತೈತಿ ಬಿಡು ಅಜ್ಜಾ," ಎಂದಳು ಮೊಮ್ಮಗಳು. ಅವಳನ್ನು ಕೂರಿಸಿಕೊಂಡು ಇದನ್ನೆಲ್ಲ ಹೇಳಿದೆ. ಅಕ್ಕನ ಮೂಗಿನ ಮಾತನ್ನೂ, ಕಾಕಾನ ಕೆಮ್ಮನ್ನೂ ತೆಗೆದು ತೋರಿಸಿದೆ. ಅವಳು ನಗಲಿಲ್ಲ. ಎದ್ದು ಹೊರಗೆ ಹೋಗಿ, ಫರಸಿ ಕಲ್ಲು ಹಾಕಿದ ಅಂಗಳವನ್ನೂ ಅದರಾಚೆಯ ಡಾಂಬರು ರಸ್ತೆಯನ್ನೂ ನೋಡಿ ಬಂದಳು.

"ದನಿ ತಗಿಯೂದು ಸಾಕು ಅಜ್ಜಾ. ಇನ್ನೊಂದ ಎತ್ತು ಮಾಡಾಕ ಮಣ್ಣ ಎಲ್ಲೈತಿ, ಅದನ್ನ ಹೇಳು."