ಇಮಾನ ಆರಿಸುವವನ ಹೊಟ್ಟೆಕಿಚ್ಚು

ಆಕಾಶದಲ್ಲಿ ಓಡಾಡುವವನಿಗೆ ನೆಲದ ಮೇಲಿನವರನ್ನು ಕಂಡು ಹೊಟ್ಟೆಕಿಚ್ಚು ಬರುವುದಿಲ್ಲ ಎಂದು ನೀವು ತಿಳಿದಿದ್ದರೆ, ನಮ್ಮ ಚಿಕ್ಕಪ್ಪನ ಮಗ ಪುಟ್ಟರಾಜನನ್ನು ನೀವು ನೋಡಿಲ್ಲ ಎಂದರ್ಥ. ನನ್ನ ಓರಗೆಯವನು. ಮದ್ದೂರಿನಿಂದ ಮಳವಳ್ಳಿ ಮೇಲೆ ಶಿವನಸಮುದ್ರದ ಬ್ಲಫ್‌ಗೆ ಹೋಗುವ ಖಾಸಗಿ ಬಸ್ಸಿನ ಡ್ರೈವರು. ನಾನು ಪ್ರವಾಸಿಗರನ್ನು ಕೂರಿಸಿಕೊಂಡು, ಅದೇ ಶಿವನಸಮುದ್ರದ ಜಲಪಾತವನ್ನು ಮೇಲಿನಿಂದ ತೋರಿಸಿ ತರುವ ಪುಟಾಣಿ ವಿಮಾನದ ಪೈಲಟ್ಟು. ನ್ಯಾಯವಾಗಿ ಉರಿದುಕೊಳ್ಳಬೇಕಾದವನು ಅವನು. ಉರಿಯುತ್ತಿರುವುದು ಮಾತ್ರ ನನಗೆ.

ಕಾರಣ, ನಮ್ಮಜ್ಜಿ. ಬ್ಲಫ್ ದಾರಿಯ ನಮ್ಮ ಹಳ್ಳಿಯಲ್ಲಿ ಅವಳು ಕೈ ಅಡ್ಡ ಹಾಕಿದರೆ ಪುಟ್ಟರಾಜನ ಬಸ್ಸು ನಿಲ್ಲುತ್ತದೆ. ಮುಂದಿನ ಸೀಟಿನಲ್ಲಿ ಎಂಥವರೇ ಕೂತಿರಲಿ, "ಏಳಪ್ಪೋ, ಅಜ್ಜಿ ಬಂತು" ಎಂದು ಎಬ್ಬಿಸುತ್ತಾನೆ. ಮಳವಳ್ಳಿಯ ಮಿಲ್ಲಿನಲ್ಲಿ ಬೀಸಿಸಿದ ಅವಳ ರಾಗಿಹಿಟ್ಟು ಬಾನೆಟ್ಟಿನ ಮೇಲೆ ಕೂತು ಬರುತ್ತದೆ. ಆ ಹಿಟ್ಟಿಗಿರುವ ಮರ್ಯಾದೆ ಊರಲ್ಲಿ ನನಗಿಲ್ಲ.

ಅಜ್ಜಿಯ ನಾಲಗೆಯೂ ನನ್ನ ಕೈಬಿಟ್ಟಿದೆ. ನಮ್ಮ ಕಡೆ ಹಕಾರಕ್ಕೆ ಬಾಯಲ್ಲಿ ಜಾಗವಿಲ್ಲ ನೋಡಿ, ಹಾರಿಸುವುದೆಲ್ಲ ಆರಿಸುವುದಾಗುತ್ತದೆ. ಒಂದು ದಿನ ಅಂಗಳದಲ್ಲಿ ರಾಗಿ ಹರವುತ್ತಿದ್ದ ಪಕ್ಕದ ಮನೆಯ ಕೆಂಪಮ್ಮ, ಮೊಮ್ಮಗನಿಗೆ ಏನು ಕೆಲಸ ಎಂದು ಕೇಳಿದಳು.

"ಇಮಾನ ಆರಿಸ್ತಾನೆ ಕಣಮ್ಮ" ಎಂದಳು ಅಜ್ಜಿ, ಹೆಮ್ಮೆಯಿಂದಲೇ.

"ಯಾಕೆ, ನೆಂದೋಗಿತ್ತಾ?" ಎಂದಳು ಕೆಂಪಮ್ಮ.

ಅಂದಿನಿಂದ ಬಿಸಿಲು ಚುರುಕಾದರೆ ಸಾಕು, ಪುಟ್ಟರಾಜನ ಫೋನು: "ಏನ್ಲಾ, ಇವತ್ತೆಷ್ಟು ಇಮಾನ ಒಣಗಾಕಿದ್ದೀಯ? ಅದಿರ್ಲಿ, ಕೈ ಅಡ್ಡ ಆಕುದ್ರೆ ನಿಂದು ನಿಂತ್ಕತದೇನ್ಲಾ?"

ನಿಂತುಕೊಳ್ಳುವುದಿಲ್ಲ. ನನ್ನ ಹೊಟ್ಟೆಯೊಳಗೆ ಹೋಗಿ ಕೂತದ್ದು ಅದೇ ಮಾತು.

ತಾತ ಅರಿಷಡ್ವರ್ಗ ಬಾಯಿಪಾಠ ಮಾಡಿಸುವಾಗ ಮತ್ಸರವನ್ನು ಕಟ್ಟಕಡೆಗೆ ಹೇಳುತ್ತಿದ್ದರು. ಕಡೆಯದು ಎಂದರೆ ಚಿಕ್ಕದು ಎಂದುಕೊಂಡಿದ್ದೆ. ಬಸ್ಸಿನಲ್ಲಿ ಹಿಂದಿನ ಸೀಟೇ ಹೆಚ್ಚು ಎತ್ತಿಹಾಕುವುದು ಎಂದು ಆಗ ಹೊಳೆಯಲಿಲ್ಲ. ಅಲ್ಲದೆ ಮತ್ಸರ ಎನ್ನುವುದು ಪಂಡಿತರ ಕಾಯಿಲೆ, ಶ್ಲೋಕ ಹೇಳಿಕೊಂಡರೆ ಇಳಿದೀತು. ನಮ್ಮದು ಹೊಟ್ಟೆಕಿಚ್ಚು, ಚೊಂಬುಗಟ್ಟಲೆ ಮಜ್ಜಿಗೆ ಸುರಿದರೂ ಆರುವುದಲ್ಲ.

ನನಗೆ ಬೇಕಾಗಿದ್ದದ್ದು ಒಂದೇ. ಅಜ್ಜಿ ಒಂದು ಸಲ ನನ್ನ ಪಕ್ಕ ಕೂತು ಹಾರಬೇಕು. ಇಳಿದ ಮೇಲೆ ಪುಟ್ಟರಾಜನ ಮುಖಕ್ಕೆ, "ನಿನ್ ಬಸ್ಸು ಏನೂ ಅಲ್ಲ ಬುಡು" ಎನ್ನಬೇಕು.

ಹೋದ ಶ್ರಾವಣದಲ್ಲಿ, ಮಳೆ ಬಿಡುವು ಕೊಟ್ಟ ಒಂದು ದಿನ, ಕಾಡಿ ಬೇಡಿ ಕರೆತಂದೆ. ಸಣ್ಣ ವಿಮಾನವಾದ್ದರಿಂದ ಹತ್ತುವವರನ್ನೆಲ್ಲ ತೂಗುವುದು ನಮ್ಮ ಪದ್ಧತಿ. ತಕ್ಕಡಿ ನೋಡಿದವಳೇ ಅಜ್ಜಿ ಸಿಡುಕಿದಳು: "ನಾನೇನ್ ಬೆಲ್ಲದಚ್ಚಾ, ಮಂಡಿಗೆ ಆಕಕ್ಕೆ? ಪುಟ್ರಾಜ ಒಂದ್ ದಿನಾನಾರ ತೂಗವ್ನಾ ನನ್ನ?"

ಸಹಿಸಿಕೊಂಡೆ. ಬೆಲ್ಟು ಬಿಗಿದು ಹಾರಿದೆ. ಹಿಂದೆ ನಾಲ್ವರು ಪ್ರವಾಸಿಗರು. ಹೊಸನೀರು ತುಂಬಿದ ಕಾವೇರಿ ಎಡಗಡೆ ಹಾಲು ಉಕ್ಕಿದಂತೆ ಧುಮುಕುತ್ತಿತ್ತು. ಎಷ್ಟೋ ಸಲ ನೋಡಿದ ನನಗೇ ಮೈ ಜುಮ್ಮೆಂದಿತು. ಅಜ್ಜಿಯ ಬಾಯಿಂದ ಬರುವ ಮೊದಲ ಮಾತಿಗಾಗಿ ಕಿವಿಯನ್ನು ಆ ಕಡೆಗೇ ಇಟ್ಟಿದ್ದೆ.

ಅಜ್ಜಿ ಜಲಪಾತಕ್ಕೆ ಬೆನ್ನು ಹಾಕಿ, ಬಲಗಡೆಯ ಗಾಜಿಗೆ ಮೂಗು ಒತ್ತಿದ್ದಳು.

"ಅಗಾ! ಅಗಳಾ! ನಮ್ ಪುಟ್ರಾಜ ಓಯ್ತಾವ್ನೆ!"

ಗದ್ದೆಗಳ ನಡುವಿನ ರಸ್ತೆಯಲ್ಲಿ ಬೆಂಕಿಪೊಟ್ಟಣದಷ್ಟು ಬಸ್ಸು. ಅವನದೋ ಅಲ್ಲವೋ ದೇವರಿಗೇ ಗೊತ್ತು.

"ವಸಿ ಬಗ್ಗಿಸ್ಲಾ, ಸರ್ಯಾಗಿ ಕಾಣಾಕಿಲ್ಲ" ಎಂದಳು. ಆ ಮುಖದ ಬೆಳಕು ನೋಡಿ ನನ್ನ ಕೈ ನನ್ನ ಮಾತು ಕೇಳಲಿಲ್ಲ. ಜಲಪಾತವನ್ನು ಹಾಗೇ ಬಿಟ್ಟು, ವಿಮಾನವನ್ನು ಬಲಕ್ಕೆ ವಾಲಿಸಿದೆ.

ಹಿಂದಿನವರೆಲ್ಲ ಕ್ಯಾಮೆರಾ ಹಿಡಿದು ಅತ್ತ ಬಾಗಿದರು. "ಅಲ್ಲೇನು ವಿಶೇಷ?" ಎಂದು ಒಬ್ಬರು ಕೇಳಿದರು. ವಿವರಣೆ ಕೊಡುವುದೂ ನನ್ನ ಕೆಲಸವೇ ತಾನೆ?

"ನಮ್ಮ ಪುಟ್ಟರಾಜನ ಬಸ್ಸು" ಎಂದೆ. ಹೊಟ್ಟೆ ಉರಿಯುತ್ತಲೇ ಇತ್ತು, ಸುಳ್ಳೇಕೆ ಹೇಳಲಿ. ದನಿಯಲ್ಲಿ ಮಾತ್ರ ಯಾಕೋ ಜಂಬ ತುಳುಕುತ್ತಿತ್ತು.