ಅಕ್ಕೋರ ಯುದ್ಧಕ್ಕೆ ನನ್ನ ರೊಟ್ಟಿ

ಅಕ್ಕೋರ ಕೊರಳಲ್ಲಿ ಫೋನು ಒಳಲಂಗದ ಲಾಡಿಗೆ ಜೋತುಬಿದ್ದಿರುತ್ತಿತ್ತು. ಬಿರಬಿರನೆ ನಡೆದರೆ ಅದು ಎದೆಗೆ ಬಡಿದು ತಾನಾಗಿಯೇ ಅದರ ಬ್ಯಾಟರಿ ದೀಪ ಹತ್ತಿಕೊಳ್ಳುತ್ತಿತ್ತು. ಹಾಡಹಗಲೇ ದೀಪ ಹಚ್ಚಿಕೊಂಡು ಶಾಲೆಗೆ ಹೋಗುವ ಅಕ್ಕೋರನ್ನು ನೋಡಿ ಊರು ನಗುತ್ತಿತ್ತು.

ಅವರು ಸಿಂದಗಿಯಿಂದ ಮುದ್ದೇಬಿಹಾಳ ತಾಲೂಕಿನ ನಮ್ಮ ಊರಿಗೆ ಇತಿಹಾಸ ಕಲಿಸಲು ಬಂದವರು. ಮೊಮ್ಮಕ್ಕಳೇ, ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಬಾಡಿಗೆಗೆ ಕೊಟ್ಟ ನಮ್ಮ ಮನೆಯ ಮುಂದಿನ ಕೋಲಿಯಲ್ಲಿದ್ದರು. ಒಂದು ದಿನ ನನ್ನ ಬಳಿ ಬಂದು ಅಂದರು:

"ಅವ್ವಾರ, ಇನ್ನ ಮ್ಯಾಲ ಪಾಠ ಮನ್ಯಾಗ, ಅಭ್ಯಾಸ ಸಾಲ್ಯಾಗ. ನಾ ಫೋನಿನ್ಯಾಗ ಪಾಠ ಮಾಡಿ ಕಳಸ್ತೇನಿ, ಹುಡುಗ್ರು ನೋಡ್ಕೊಂಡು ಬರ್ತಾವು. ಸಾಲ್ಯಾಗ ಬರೇ ವಾದಾ!"

"ಹಂಗಾದ್ರ ಊಟಾ ಎಲ್ಲಿರಿ?" ಅಂದೆ. ಆ ಹೊಸ ಪಾಠದ ಬಗ್ಗೆ ನಾನು ಆಡಿದ ಮೊದಲ ಮಾತು ಅದು.

ಮೊದಲ ಪಾಠ ನಮ್ಮ ಸೀಮೆಯಲ್ಲೇ ನಡೆದ ತಾಳಿಕೋಟೆ ಯುದ್ಧದ್ದು. ಅಕ್ಕೋರು ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿಟ್ಟು ಪಾಠ ಮಾಡುವಾಗ ಗೋಡೆಯಾಚೆ ನಾನು ರೊಟ್ಟಿ ಬಡಿಯುತ್ತಿದ್ದೆ. ತಮ್ಮ ದನಿ ತಾವೇ ಕೇಳಲು ಅವರಿಗೆ ನಾಚಿಕೆ. ಕೇಳದೆಯೇ ಎಲ್ಲರಿಗೂ ಕಳಿಸಿಬಿಟ್ಟರು. ಮನೆಯಲ್ಲಿ ಫೋನಿಲ್ಲದ ಮಕ್ಕಳು ಮರುದಿನ ಸಂಜೆ ನಮ್ಮ ಕಟ್ಟೆಯಲ್ಲಿ ಪಾಳಿ ಹಚ್ಚಿ ನನ್ನ ಫೋನಿನಲ್ಲಿ ನೋಡಿದರು. ಆಗಲೂ ಅಕ್ಕೋರು ನಾಚಿ ಕೆರೆ ಕಡೆ ಹೋಗಿದ್ದರು.

"ಎರಡೂ ದಂಡು ಎದುರಾಬದುರಾ ನಿಂತವು," ಎನ್ನುತ್ತದೆ ಫೋನು. ಹಿಂದೆಯೇ ಧಪ್, ಧಪ್, ಧಪ್! ಮಕ್ಕಳು ಉಸಿರು ಬಿಗಿಹಿಡಿದರು. ನನ್ನ ಬಡಿತದ ಗುರುತು ಹಿಡಿದು ನಾನು ಮೆಲ್ಲಗೆ ಒಳಗೆ ಸರಿದೆ.

ಪಾಠ ನೋಡಿದವರು ಒಂದೊಂದು ಪ್ರಶ್ನೆ ಬರೆದು ಚಹಾಪುಡಿ ಡಬ್ಬಿಗೆ ಹಾಕಬೇಕು, ತರಗತಿಯಲ್ಲಿ ಅದರ ಮೇಲೆಯೇ ವಾದ. ನಾನು ಐದನೆಯ ಇಯತ್ತೆವರೆಗೆ ಕಲಿತವಳು. ಆ ಐದು ವರ್ಷಗಳಲ್ಲಿ ಒಂದು ಪ್ರಶ್ನೆಯನ್ನೂ ಕೇಳಿದವಳಲ್ಲ. ಆದರೆ ಆ ಪಾಠವನ್ನು ಎಂಟು ಸಲ ಕೇಳಿದ ಮೇಲೆ ತಡೆಯಲಾಗಲಿಲ್ಲ. ಯಾರೂ ಇಲ್ಲದಾಗ ಹೆಸರಿಲ್ಲದ ಚೀಟಿಯೊಂದನ್ನು ಡಬ್ಬಿಗೆ ತುರುಕಿದೆ.

ಮರುದಿನ ಶಾಲೆ ತಪಾಸಣೆಗೆ ತಾಲೂಕಿನಿಂದ ಸಾಹೇಬರು ಬಂದರು. ಅವರು ಒಪ್ಪದಿದ್ದರೆ ಫೋನಿನ ಪಾಠ ಅಲ್ಲಿಗೇ ಬಂದ್. ಮಜ್ಜಿಗೆ ಒಯ್ದಿದ್ದ ನಾನು ಬಾಗಿಲ ಹಿಂದೆ ನಿಂತೆ. ಸಾಹೇಬರು ಪಾಠ ಹಚ್ಚಿಸಿ ನೋಡಿ ಹುಬ್ಬೇರಿಸಿದರು.

"ಇದೇನ್ರಿ ಸಪ್ಪಳಾ?"

"ತೋಫ್ ರೀ ಸರ್!" ಇಡೀ ತರಗತಿ ಕೂಗಿತು.

ಅದು ನನ್ನ ರೊಟ್ಟಿಯ ಬಡಿತವೆಂದು ಅಕ್ಕೋರಿಗೆ ಆಗ ಗೊತ್ತಾಯಿತು. ಗಾಬರಿಯಲ್ಲಿ ಡಬ್ಬಿಗೆ ಕೈಹಾಕಿ, ಸಿಕ್ಕ ಚೀಟಿ ಓದಿಬಿಟ್ಟರು: "ಅಷ್ಟು ದೊಡ್ಡ ದಂಡಿಗೆ ದಿನಾ ರೊಟ್ಟಿ ಬಡಿದವರು ಯಾರು?"

"ಉತ್ತರಾ ಏನ್ರಿ?" ಅಂದರು ಸಾಹೇಬರು.

"ನನಗೂ ಗೊತ್ತಿಲ್ರಿ ಸರ್."

ಮಕ್ಕಳಿಗೆ ಅಷ್ಟೇ ಬೇಕಿತ್ತು.

"ಹೆಂಗಸ್ರೂ ದಂಡಿನ ಜೋಡಿ ಹೋಗಿರ್ತಾರ!"

"ಹಿಟ್ಟು ಯಾರು ಹೊತ್ತಿರ್ತಾರಲೇ, ನಿಮ್ಮಪ್ಪಾ?"

"ನಮ್ಮೂರಾಗಿನ ಜ್ವಾಳಾ ಖಾಲಿ ಮಾಡಿರ್ತಾರ ಬಿಡು!"

ಗಂಟೆ ಹೊಡೆದರೂ ಒಬ್ಬರೂ ಏಳಲಿಲ್ಲ. ಜೋಳವೋ ಅಕ್ಕಿಯೋ ಎಂದು ಸಾಹೇಬರೇ ಒಬ್ಬ ಹುಡುಗಿಯೊಡನೆ ವಾದಕ್ಕೆ ಬಿದ್ದಿದ್ದರು. ಕೊನೆಗೆ ನಕ್ಕು, "ನಡೀಲಿ ಬಿಡ್ರಿ ಈ ಪಾಠ. ಚೀಟಿ ಯಾರ್ದು?" ಎಂದರು.

ನನ್ನ ಸೊಟ್ಟ ಅಕ್ಷರ ಅಕ್ಕೋರಿಗೆ ಗೊತ್ತಿತ್ತು. "ಬಾಗಲಾ ಹಿಂದ ನಿಂತಾರ ನೋಡ್ರಿ. ತೋಫ್ ಹಾರಿಸಿದವ್ರೂ ಅವ್ರ ರೀ!"

ಮಜ್ಜಿಗೆ ಚೆಲ್ಲಿಕೊಂಡು ಮನೆಗೆ ಓಡಿದೆ.

ಹೋದ ವರ್ಷ ಅಕ್ಕೋರು ತೀರಿಕೊಂಡರು. ದವಾಖಾನೆಯಲ್ಲಿ ಕೊನೆಯ ಸಲ ಕಂಡಾಗಲೂ ಅಂದರು: "ಅವ್ವಾರ, ನಿಮ್ಮ ಚೀಟಿಗಿ ಉತ್ತರಾ ಸಿಗಲೇ ಇಲ್ಲ ನೋಡ್ರಿ."

ನಿಮ್ಮ ಪುಸ್ತಕಗಳಲ್ಲಿ ಸಿಕ್ಕರೆ ನನಗೆ ಓದಿ ಹೇಳಿ, ಮಕ್ಕಳೇ. ಸಿಗದಿದ್ದರೆ ನಿಮ್ಮ ಶಾಲೆಯಲ್ಲಿ ಕೇಳಿ. ಈ ಸಲ ಚೀಟಿಯ ಕೆಳಗೆ ನನ್ನ ಹೆಸರು ಬರೆಯಿರಿ.